'ಕಫೀಲ್' ಪದಕ್ಕೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ನದೀನ್ ಲಬಕಿ ನಿರ್ದೇಶಿಸಿದ ಲೆಬನಾನಿನ ಸಿನಿಮಾ 'ಕಫರ್ನಹೂಮ್'ಗೆ ಕನ್ನಡ ಅಡಿಬರಹ ಬರೆಯುತ್ತಿದ್ದೇನೆ. ಹತ್ತಿಪ್ಪತ್ತು ಗೆಳೆಯರು ಕೂತು ನೋಡುವುದಕ್ಕೆ ಅಷ್ಟೇ. 2018ರಲ್ಲಿ ಕಾನ್ ಚಿತ್ರೋತ್ಸವದ ಜ್ಯೂರಿ ಪ್ರಶಸ್ತಿ ಪಡೆದ ಚಿತ್ರ ಇದು. ಬೈರೂತಿನ ಬಡ ಹುಡುಗ ಝೈನ್‌ಗೆ ಜನನ ಪತ್ರವೂ ಇಲ್ಲ, ಸರಿಯಾದ ವಯಸ್ಸೂ ಗೊತ್ತಿಲ್ಲ. ತನ್ನನ್ನು ಹುಟ್ಟಿಸಿದ್ದೇ ತಪ್ಪು ಅಂತ ಅಪ್ಪ ಅಮ್ಮನ ಮೇಲೆ ಕೋರ್ಟಿಗೆ ಹೋಗುತ್ತಾನೆ.

ಕೋರ್ಟಿನ ಮಾತುಗಳು ಸಲೀಸಾಗಿ ಬಂದವು. ದಾವೆ, ಹಾಜರು, ಹಕ್ಕು ಎಲ್ಲ ಮೂಲತಃ ಅರಬ್ಬಿಯವೇ ಅಲ್ವಾ. ನಾನು ಸಿಕ್ಕಿಕೊಂಡಿದ್ದು 'ಕಫೀಲ್' ಹತ್ತಿರ. ಹೊರದೇಶದಿಂದ ಕೆಲಸಕ್ಕೆ ಬಂದವರ ಪರವಾಗಿ ಕಾಗದಕ್ಕೆ ಸಹಿ ಹಾಕಿ ನಿಲ್ಲುವ ಅಲ್ಲಿನ ಮಾಲೀಕನಿಗೆ ಹಾಗನ್ನುತ್ತಾರೆ.

ರಾಹಿಲ್ ಇಥಿಯೋಪಿಯಾದಿಂದ ಬಂದ ಹೆಣ್ಣುಮಗಳು. ಕೂಸನ್ನು ಬಚ್ಚಿಟ್ಟುಕೊಂಡು ಮನರಂಜನಾ ಪಾರ್ಕಿನಲ್ಲಿ ಕಸ ಗುಡಿಸುತ್ತಾಳೆ. ಅವಳ ಪರ್ಮಿಟ್ ನಕಲಿ, ಅವಧಿಯೂ ಮುಗಿಯುತ್ತಾ ಬಂದಿದೆ. ಕಾಗದಪತ್ರಕ್ಕೆ ಕಫೀಲ್ ಬೇಕು. ಕೊನೆಗೆ ಅದೇ ಪಾರ್ಕಿನಲ್ಲಿ ಜಿರಳೆ ವೇಷ ಹಾಕುವ ಮುದುಕನನ್ನು ಕಫೀಲ್ ಥರ ನಟಿಸು ಅಂತ ಕೇಳಿಕೊಳ್ಳುತ್ತಾಳೆ. ಇಲ್ಲಿ ಪರದೆಯ ಮೇಲೆ ನನಗೆ ಸಿಗುವುದು ಎರಡೇ ಸೆಕೆಂಡು. ವಿವರಿಸೋಕೆ ಜಾಗ ಇಲ್ಲ.

'ಪ್ರಾಯೋಜಕ' ಬರೆದೆ, ಹೊಡೆದು ಹಾಕಿದೆ. ಟಿವಿ ಕಾರ್ಯಕ್ರಮ ನೆನಪಾಗುತ್ತದೆ. 'ಧಣಿ' ಅಂದರೆ ದರ್ಪ ಬರುತ್ತದೆ, ಕಾಗದದ ಕಟ್ಟು ಬರುವುದಿಲ್ಲ. ರಾಹಿಲ್‌ಗೆ ಬೇಕಿರುವುದು ಸಂಬಳ ಕೊಡುವವರಲ್ಲ, ಇವಳು ನಮ್ಮವಳು ಅಂತ ಸಹಿ ಹಾಕುವವರು. 'ಜಾಮೀನುದಾರ' ಅರ್ಥದಲ್ಲಿ ಬಹಳ ಹತ್ತಿರ. ಜಾಮೀನು ಕೂಡ ಅರಬ್ಬಿ ಮೂಲದ್ದೇ, ಕಫೀಲ್ ಅಂದರೂ ಜಾಮೀನು ನಿಲ್ಲುವವನೇ. ಆದರೆ ಮುಂದೆ ಇದೇ ರಾಹಿಲ್ ಕಾಗದ ಇಲ್ಲದೆ ಸಿಕ್ಕಿಬಿದ್ದು ಬಂಧನಕ್ಕೆ ಹೋಗುತ್ತಾಳೆ. ಆಗ ನೋಡುವವರಿಗೆ ಜೈಲಿನಿಂದ ಬಿಡಿಸುವ ಜಾಮೀನೋ ಅಂತ ಗೊಂದಲ ಆಗೇ ಆಗುತ್ತದೆ.

ಉಳಿದಿದ್ದು 'ಹೊಣೆಗಾರ'. ಹೊಣೆ, ಹಳಗನ್ನಡದ ಪೊಣೆ, ಮೊದಲಿಂದಲೂ ಜಾಮೀನು ಅನ್ನುವ ಅರ್ಥದ ಪದ. 'ಅವನಿಗೆ ನಾನು ಹೊಣೆ' ಅಂದರೆ ಅವನು ತಪ್ಪಿದರೆ ನನ್ನನ್ನು ಹಿಡಿಯಿರಿ ಅಂತ. ಎಷ್ಟು ಒಳ್ಳೆಯ ಪದ! ಆದರೆ ಇವತ್ತು ಪತ್ರಿಕೆಯಲ್ಲಿ ಹೊಣೆಗಾರ ಅಂದರೆ ಅಪಘಾತಕ್ಕೋ ಸೋಲಿಗೋ ಕಾರಣನಾದವನು. ಇನ್ನೊಂದು ತೊಡಕೂ ಇದೆ. ಹೊಣೆಯಲ್ಲಿ ಕಟ್ಟುಬೀಳುವವನು ಹೊಣೆ ನಿಂತವನು. ಕಫಾಲಾದಲ್ಲಿ, ಅಂದರೆ ಈ ಕಫೀಲ್ ಪದ್ಧತಿಯಲ್ಲಿ, ಹಾಗಲ್ಲ, ಯಾರಿಗಾಗಿ ನಿಂತನೋ ಅವರೇ ಕಟ್ಟುಬೀಳುತ್ತಾರೆ. ಕಫೀಲನ ಮನೆ ಬಿಟ್ಟು ಹೊರಟರೆ ಅಲ್ಲಿ ಇರುವ ಹಕ್ಕೇ ಹೋಗುತ್ತದೆ. ಲೆಬನಾನಿನ 1946ರ ಕಾರ್ಮಿಕ ಕಾನೂನು ಮನೆಗೆಲಸದವರನ್ನು ಸೇರಿಸಿಕೊಂಡೇ ಇಲ್ಲ. ಅರಬ್ಬಿಯ ಅದೇ 'ಕಫಾಲಾ' ಅನಾಥ ಮಗುವಿನ ಪಾಲನೆ ಹೊರುವುದಕ್ಕೂ ಸಲ್ಲುತ್ತದೆ. ಅಷ್ಟು ಅಕ್ಕರೆಯ ಪದ ಇಲ್ಲಿಗೆ ಬಂದು ನಿಂತಿದೆ ಅನ್ನುವುದು ನನಗೆ ತುಂಬಾ ನೋವಿನ ಸಂಗತಿ.

ಇದನ್ನೆಲ್ಲ ಮಂಗಳೂರಿನ ನನ್ನ ಭಾವನ ಹತ್ತಿರ ಹೇಳಿದೆ. ಸೌದಿಯ ದಮ್ಮಾಮಿನಲ್ಲಿ ಒಂಬತ್ತು ವರ್ಷ ದುಡಿದವರು. 'ಕಫೀಲ್‌ಗೆ ಕಫೀಲ್ ಅನ್ನು, ಬೇರೆ ಪದ ಯಾಕೆ?' ಅಂದರು. ತಂಗಿಯ ಮದುವೆಗೆ ರಜೆ ಸಿಕ್ಕಿತ್ತಂತೆ, ಟಿಕೆಟ್ಟೂ ಆಗಿತ್ತಂತೆ. ಪಾಸ್‌ಪೋರ್ಟ್ ಮಾತ್ರ ಕಫೀಲನ ಬೀರುವಿನಲ್ಲಿ, ಅವನು ಊರಲ್ಲಿರಲಿಲ್ಲ. ಮದುವೆ ಆಗಿ ನಾಲ್ಕು ದಿನಕ್ಕೆ ಮನೆ ತಲುಪಿದರು. ಉಳ್ಳಾಲ, ಭಟ್ಕಳದ ಎಷ್ಟೋ ಮನೆಗಳಲ್ಲಿ 'ಕಫೀಲ್' ಪದ ಈಗಾಗಲೇ ಮನೆಮಾತು.

ಸದ್ಯಕ್ಕೆ ನಾನು 'ಕಫೀಲ್' ಅಂತಲೇ ಇಟ್ಟಿದ್ದೇನೆ. ಮೊದಲ ಸಲ ಬಂದಾಗ ಮಾತ್ರ 'ಹೊಣೆ ನಿಲ್ಲೋ ಕಫೀಲ್'.

ಕೇಳಬೇಕಿರುವುದು ಇಷ್ಟು. ಗಲ್ಫಿಗೆ ಹೋಗಿ ಬಂದವರು ನಿಮ್ಮ ಕಡೆ ಯಾವ ಪದ ಬಳಸುತ್ತಾರೆ? 'ಹೊಣೆ ನಿಲ್ಲು' ಅನ್ನುವ ಮಾತು ಸಾಲಕ್ಕೋ ಜಗಳಕ್ಕೋ ನಿಮ್ಮೂರಲ್ಲಿ ಈಗಲೂ ಓಡುತ್ತದೆಯೇ? ಬಯಲುಸೀಮೆಯವರು ದಯವಿಟ್ಟು ಹೇಳಿ. ಅಲ್ಲಿ ಅದು ಬಳಕೆಯಲ್ಲಿದ್ದರೆ ಕಫೀಲ್ ತೆಗೆದು 'ಹೊಣೆಗಾರ' ಹಾಕೋಕೂ ನಾನು ತಯಾರು.