ಎರಡು ಟಬ್ ಲೆಗೋ ಇದೆ: ಬಣ್ಣ ನೋಡಿ ವಿಂಗಡಿಸಬೇಕಾ, ಆಕಾರ ನೋಡಿನಾ?

ಎರಡು ಮಕ್ಕಳ ಅಮ್ಮ:

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಎರಡು ದೊಡ್ಡ ಪ್ಲಾಸ್ಟಿಕ್ ಟಬ್ ತುಂಬಾ ಲೆಗೋ ಇದೆ. ಒಂಬತ್ತು ವರ್ಷದ ಮಗಳದ್ದು, ಐದು ವರ್ಷದ ಮಗನದ್ದು, ಜೊತೆಗೆ ನನ್ನ ತಮ್ಮ ಚಿಕ್ಕವನಿದ್ದಾಗಿನದ್ದು. ಎಲ್ಲಾ ಕಲಸಿಹೋಗಿದೆ. ಮಗಳು ಏನಾದರೂ ಕಟ್ಟಲು ಕೂತರೆ ಕಟ್ಟುವುದಕ್ಕಿಂತ ಹುಡುಕುವುದೇ ಜಾಸ್ತಿ. ಮೊಣಕೈವರೆಗೆ ಕೈ ಇಳಿಸಿ ಬರಬರ ಅಂತ ಕಲಕುತ್ತಾಳೆ, ಪಕ್ಕದ ಕೋಣೆಯಲ್ಲಿ ಕೂತು ಫೋನ್‌ನಲ್ಲಿ ಮಾತಾಡಲೂ ಆಗುವುದಿಲ್ಲ. ಅದೂ ಸಾಲದಿದ್ದರೆ ಟಬ್ಬನ್ನೇ ನೆಲಕ್ಕೆ ಮಗುಚುತ್ತಾಳೆ. ವಾಪಸ್ ತುಂಬುವ ಕೆಲಸ ಯಾರದ್ದು ಅಂತ ಬೇರೆ ಹೇಳಬೇಕಾ!

ಮುಂದಿನ ತಿಂಗಳು ಮನೆ ಬದಲಾಯಿಸುತ್ತಿದ್ದೇವೆ. ಅದಕ್ಕೆ ಮುಂಚೆ ಒಂದು ಸಲ ಇದಕ್ಕೊಂದು ಗತಿ ಕಾಣಿಸೋಣ ಅಂತ ನನ್ನ ಆಸೆ. ಯಜಮಾನರು ಬಣ್ಣಬಣ್ಣ ಬೇರೆ ಮಾಡು ಸಾಕು ಅನ್ನುತ್ತಾರೆ. ಮಗಳಿಗೆ ಮಾತ್ರ ಸೆಟ್ ಪ್ರಕಾರ ಬೇಕಂತೆ, ಯಾವ ಡಬ್ಬದಲ್ಲಿ ಬಂದಿತ್ತೋ ಹಾಗೇ. ನನಗೆ ಯಾವುದಾದರೂ ಸರಿ, ಆದರೆ ವಾರಕ್ಕೊಂದು ಸಲ ಮತ್ತೆ ಮೊದಲಿಂದ ಮಾಡುವ ಹಾಗಾಗಬಾರದು.

ಇನ್ನೊಂದು ವಿಷಯ. ಕಟ್ಟಿಟ್ಟಿರುವುದು ಎರಡಿದೆ, ಒಂದು ಫೈರ್ ಸ್ಟೇಷನ್, ಒಂದು ಎತ್ತರದ ಕ್ರೇನ್. ಬಿಚ್ಚಿದರೆ ಮನೆಯಲ್ಲಿ ರಣರಂಗ. ಹಾಗೇ ಸಾಗಿಸಲು ಆಗುತ್ತಾ? ಅಕ್ಕನ ಮಗು ಆಗಾಗ ಬರುತ್ತದೆ, ಈಗಷ್ಟೇ ಅಂಬೆಗಾಲು. ಸಿಕ್ಕಿದ್ದೆಲ್ಲಾ ಬಾಯಿಗೆ. ಅದನ್ನೂ ಮನಸ್ಸಿನಲ್ಲಿಟ್ಟುಕೊಂಡು ಹೇಳಿ.

ಕಾಮನಬಿಲ್ಲು:

ಬಣ್ಣ! ಇದರಲ್ಲಿ ಯೋಚಿಸುವುದೇನಿದೆ? ಮಕ್ಕಳಿಗೆ ಹೇಳಿಕೊಡುವುದು ಸುಲಭ, ಐದು ವರ್ಷದವನೂ ಮಾಡುತ್ತಾನೆ. ಶೆಲ್ಫ್ ಮೇಲೆ ಸಾಲಾಗಿ ಇಟ್ಟರೆ ನೋಡಲೂ ಚೆಂದ. ನಮ್ಮ ಮನೆಯಲ್ಲಿ ಹಾಗೇ ಇದೆ.

ಬೂದು ಪ್ಲೇಟ್:

ಕಾಮನಬಿಲ್ಲು ಅವರೇ, ನೋಡಲು ಚೆಂದ ಅನ್ನುವುದನ್ನು ಒಪ್ಪುತ್ತೇನೆ. ಹುಡುಕಲು ಮಾತ್ರ ಅದು ಶಿಕ್ಷೆ.

ಅಮ್ಮಾವ್ರೇ, ಒಂದು ಪರೀಕ್ಷೆ ಮಾಡಿ ನೋಡಿ. ಒಂದು ತಟ್ಟೆಯಲ್ಲಿ ಬರೀ ಕಪ್ಪು ಪೀಸ್‌ಗಳನ್ನು ಹಾಕಿ, ಎಲ್ಲಾ ಆಕಾರದ್ದೂ ಇರಲಿ. ಇನ್ನೊಂದರಲ್ಲಿ ಒಂದೇ ಆಕಾರದ್ದು, ಎಲ್ಲಾ ಬಣ್ಣದ್ದು. ಈಗ ಎರಡರಲ್ಲೂ 1×2 ಕಪ್ಪು ಪ್ಲೇಟ್, ಅಂದರೆ ಮೇಲೆ ಎರಡೇ ಉಬ್ಬಿರುವ ತೆಳು ಪೀಸ್, ಹುಡುಕಲು ಮಗಳಿಗೆ ಹೇಳಿ. ಎರಡನೇ ತಟ್ಟೆಯಲ್ಲಿ ಅದು ತಾನಾಗಿ ಕಣ್ಣಿಗೆ ಹೊಡೆಯುತ್ತದೆ. ಮೊದಲನೆಯದರಲ್ಲಿ ಒಂದರ ನೆರಳಲ್ಲಿ ಇನ್ನೊಂದು ಅಡಗಿ ಕೂತಿರುತ್ತದೆ. ಬಣ್ಣವನ್ನು ಕಣ್ಣು ದೂರದಿಂದಲೇ ಬೇರೆ ಮಾಡುತ್ತದೆ, ಆಕಾರಕ್ಕೆ ಒಂದೊಂದನ್ನೂ ನೋಡಬೇಕು. ಹಾಗಿರುವಾಗ ಕಣ್ಣಿಗೆ ಕಷ್ಟವಾದ ಕೆಲಸವನ್ನು ನಾವು ಮುಂಚೆಯೇ ಮುಗಿಸಿಡಬೇಕು ಅಲ್ವಾ? ಸುಲಭವಾದದ್ದನ್ನು ಕಣ್ಣಿಗೇ ಬಿಡಿ.

ನಾನು ಮಕ್ಕಳಿಗಾಗಿ ಇದನ್ನೆಲ್ಲಾ ಮಾಡುವವನಲ್ಲ, ನನಗಾಗಿಯೇ. ಕೂದಲು ಹಣ್ಣಾದರೂ ಆಡುತ್ತೀಯಾ ಅಂತ ಮನೆಯಲ್ಲಿ ನಗುತ್ತಾರೆ, ನಗಲಿ. ರೈಲು ನಿಲ್ದಾಣ ಕಟ್ಟುವುದು ನನ್ನ ಹುಚ್ಚು. ಅದಕ್ಕೆ ಬೂದು ಬಣ್ಣದ ಪ್ಲೇಟ್ ಎಷ್ಟಿದ್ದರೂ ಸಾಲದು. ಹಾಗಾಗಿ ಹೇಳುತ್ತಿದ್ದೇನೆ, ಒಂದೇ ಬಣ್ಣದ ರಾಶಿಯಲ್ಲಿ ಹುಡುಕುವ ಸಂಕಟ ನನಗೆ ಚೆನ್ನಾಗಿ ಗೊತ್ತು.

ಇನ್ನು ಎಷ್ಟು ಸಣ್ಣದಾಗಿ ವಿಂಗಡಿಸಬೇಕು ಅನ್ನುವುದು. ಅಂತರ್ಜಾಲದಲ್ಲಿ ನೂರಾರು ಡ್ರಾಯರ್‌ಗಳ ಫೋಟೋ ನೋಡಿ ಹೆದರಬೇಡಿ. ಆರು ಗುಂಪಿನಿಂದ ಶುರು ಮಾಡಿ. ದಪ್ಪ ಬ್ರಿಕ್‌ಗಳು ಒಂದು ಕಡೆ. ತೆಳು ಪ್ಲೇಟ್‌ಗಳು ಇನ್ನೊಂದು ಕಡೆ. ಮೂರು ಪ್ಲೇಟ್ ಒಂದರ ಮೇಲೊಂದು ಇಟ್ಟರೆ ಸರಿಯಾಗಿ ಒಂದು ಬ್ರಿಕ್ ಎತ್ತರ, 3.2 ಮಿ.ಮೀ. ಮೂರು ಸಲ ಅಂದರೆ 9.6. ಇದನ್ನು ಮಗನಿಗೆ ತೋರಿಸಿಬಿಡಿ, ಆಮೇಲೆ ಅವನು ತಪ್ಪುವುದಿಲ್ಲ. ಮೂರನೆಯದು ಇಳಿಜಾರಿನವು ಮತ್ತು ಮೇಲೆ ಉಬ್ಬಿಲ್ಲದ ನುಣುಪು ಟೈಲ್‌ಗಳು. ನಾಲ್ಕನೆಯದು ಚಕ್ರ, ಅಚ್ಚು, ತೂತಿರುವ ಟೆಕ್ನಿಕ್ ಪೀಸ್‌ಗಳು. ಐದು, ಬಾಗಿಲು ಕಿಟಕಿ ಗಿಡ ಮರ ಇತ್ಯಾದಿ. ಆರು, ಪುಟ್ಟ ಗೊಂಬೆಗಳು, ಅವುಗಳ ಟೋಪಿ, ಕೂದಲು, ಕೈಯಲ್ಲಿ ಹಿಡಿಯುವ ಸಾಮಾನು. ಈ ಆರನೆಯದಕ್ಕೆ ಗಟ್ಟಿ ಮುಚ್ಚಳ ಇರಲೇಬೇಕು. ಕಳೆದುಹೋಗುವುದೆಲ್ಲಾ ಇದರಿಂದಲೇ.

ಯಾವ ಡಬ್ಬದಲ್ಲಿ ಮಗಳು ಜಾಸ್ತಿ ಹೊತ್ತು ಕೈಯಾಡಿಸುತ್ತಾಳೋ ಅದನ್ನು ಮಾತ್ರ ಎರಡು ಮಾಡಿ. ಮೊದಲು ಒಡೆಯುವುದು ಪ್ಲೇಟ್ ಡಬ್ಬವೇ, ಬರೆದುಕೊಡುತ್ತೇನೆ. ಬ್ರಿಕ್ ಡಬ್ಬ ಹಾಗೇ ಇದ್ದರೂ ನಡೆಯುತ್ತದೆ. ಹುಡುಕುವ ಕಷ್ಟ ಇಲ್ಲದ ಕಡೆ ವಿಂಗಡಿಸುತ್ತಾ ಕೂರುವುದು ಸುಮ್ನೆ ದಂಡ.

ಡಬ್ಬ ಅಗಲವಾಗಿರಲಿ, ಆಳ ನಾಲ್ಕು ಬೆರಳು ಸಾಕು. ನಿಮ್ಮ ಈಗಿನ ತೊಂದರೆ ಅರ್ಧ ಇರುವುದೇ ಟಬ್‌ನ ಆಳದಲ್ಲಿ. ಕಲಕಿದಷ್ಟೂ ಸಣ್ಣವೆಲ್ಲಾ ಸಂದಿಯಲ್ಲಿ ಜಾರಿ ತಳ ಸೇರುತ್ತವೆ, ದೊಡ್ಡವು ಮೇಲೆ ಬರುತ್ತವೆ. ಬೇಕಾದ್ದು ಯಾವಾಗಲೂ ತಳದಲ್ಲೇ! ಇದೇ ಗುಣವನ್ನು ವಿಂಗಡಿಸುವಾಗ ನೀವು ಬಳಸಿಕೊಳ್ಳಬಹುದು. ದೊಡ್ಡ ತೂತಿನ ಬುಟ್ಟಿಯಲ್ಲಿ ಸ್ವಲ್ಪ ಸ್ವಲ್ಪ ಹಾಕಿ ಜರಡಿ ಹಿಡಿದ ಹಾಗೆ ಅಲ್ಲಾಡಿಸಿ. ಸಣ್ಣವು ಕೆಳಗೆ ಉದುರುತ್ತವೆ. ಆಮೇಲೆ ದೊಡ್ಡ ರಾಶಿ ಬೇರೆ, ಸಣ್ಣ ರಾಶಿ ಬೇರೆ ಮಾಡಿಕೊಂಡು ಕೂತರೆ ಕೈ ಬೇಗ ಓಡುತ್ತದೆ.

ಡಬ್ಬದ ಮೇಲೆ ಹೆಸರು ಬರೆಯಬೇಡಿ, ಒಳಗಿರುವ ಒಂದು ಪೀಸನ್ನೇ ಹೊರಗೆ ಟೇಪ್‌ನಿಂದ ಅಂಟಿಸಿ. ಓದಲು ಬಾರದವನಿಗೂ ಗೊತ್ತಾಗುತ್ತದೆ.

ಅಂಟಿಕೊಂಡಿರುವುದನ್ನು ಹಲ್ಲಿನಿಂದ ಕಚ್ಚಿ ಬಿಡಿಸುವ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಿ. ಬ್ರಿಕ್‌ನ ಅಂಚಿನಲ್ಲಿ ಹಲ್ಲಿನ ಗುರುತು ಕೂತರೆ ಹೋಗುವುದಿಲ್ಲ, ಹಲ್ಲಿಗೂ ಒಳ್ಳೆಯದಲ್ಲ. ಅದಕ್ಕೇ ಅಂತ ಸೆಪರೇಟರ್ ಬರುತ್ತದೆ, ಎಷ್ಟೋ ದೊಡ್ಡ ಸೆಟ್‌ಗಳಲ್ಲಿ ಅದೂ ಒಳಗೇ ಇರುತ್ತದೆ. ಕಿತ್ತಳೆ ಬಣ್ಣದ್ದು, ಟಬ್‌ನಲ್ಲಿ ಎಲ್ಲೋ ಬಿದ್ದಿರಬಹುದು, ನೋಡಿ.

ಇನ್ನು ಮಗಳ ಆಸೆ. ಸೆಟ್ ಪ್ರಕಾರ ಇಡುವುದು ತಪ್ಪಲ್ಲ, ಆದರೆ ಈಗಲೇ ಬೇಡ. ಕಲಸಿಹೋದ ರಾಶಿಯಿಂದ ನೇರವಾಗಿ ಸೆಟ್ ಹೆಕ್ಕಲು ಹೋದರೆ ಒಂದೊಂದು ಪೀಸ್‌ಗೂ ಇಡೀ ಟಬ್ ಕಲಕಬೇಕು. ಮೊದಲು ಆಕಾರ ನೋಡಿ ಬೇರೆ ಮಾಡಿ. ಆಮೇಲೆ ಅವಳಿಗೆ ತುಂಬಾ ಇಷ್ಟವಾದ ಒಂದು ಸೆಟ್‌ನ ಪುಸ್ತಕ ತೆಗೆಯಿರಿ. ಈಚಿನ ವರ್ಷಗಳ ಪುಸ್ತಕದ ಕೊನೆಯಲ್ಲಿ ಯಾವ ಪೀಸ್ ಎಷ್ಟು ಅಂತ ಚಿತ್ರಸಮೇತ ಪಟ್ಟಿ ಇರುತ್ತದೆ. ಪುಸ್ತಕ ಕಳೆದಿದ್ದರೆ ಲೆಗೋದವರ ಜಾಲತಾಣದಲ್ಲಿ ಸೆಟ್ ನಂಬರ್ ಹಾಕಿ ಹುಡುಕಿ, ತುಂಬಾ ಸೆಟ್‌ಗಳದ್ದು ಉಚಿತವಾಗಿ ಸಿಗುತ್ತದೆ. ಹೆಕ್ಕಿ ಮುಗಿದ ಸೆಟ್ಟನ್ನು ಜಿಪ್ ಕವರ್‌ಗೆ ಹಾಕಿ ಪುಸ್ತಕವನ್ನೂ ಅದರಲ್ಲೇ ಇಡಿ.

ತಮ್ಮನ ಕಾಲದ್ದು ಅಂದಿರಲ್ಲ, ಅದನ್ನೂ ಧೈರ್ಯವಾಗಿ ಸೇರಿಸಿ. ಈಗಿನ ಬ್ರಿಕ್‌ನ ವಿನ್ಯಾಸಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದು 1958ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಅಳತೆ ಅದೇ, ಕೂರುತ್ತವೆ. ಧೂಳು ಹಿಡಿದಿದ್ದರೆ ಉಗುರುಬೆಚ್ಚಗಿನ ನೀರು, ಸ್ವಲ್ಪ ಸೋಪು, ಕೈಯಿಂದಲೇ ತೊಳೆಯಿರಿ. 40 ಡಿಗ್ರಿಗಿಂತ ಬಿಸಿ ಬೇಡ, ವಾಷಿಂಗ್ ಮೆಷಿನ್ ಬೇಡ. ಸ್ಟಿಕರ್ ಇರುವುದು, ಮೋಟಾರ್ ಮತ್ತು ಲೈಟ್ ಪೀಸ್‌ಗಳು ನೀರಿಗೆ ಬೀಳಬಾರದು. ಒಣಗಿಸುವುದು ನೆರಳಲ್ಲಿ, ಬಟ್ಟೆ ಹಾಸಿ. ಬಿಸಿಲಿಗೆ ತುಂಬಾ ದಿನ ಬಿಟ್ಟರೆ ಬಿಳಿಯದು ಹಳದಿಯಾಗುತ್ತದೆ, ಹಾಗಾಗಿ ಹೊಸ ಮನೆಯಲ್ಲಿ ಕಿಟಕಿ ಪಕ್ಕದ ಶೆಲ್ಫ್ ಇದಕ್ಕೆ ಕೊಡಬೇಡಿ.

ಕಾಮನಬಿಲ್ಲು:

ಅಬ್ಬಾ, ಇಷ್ಟುದ್ದ! ಆದರೂ ತಟ್ಟೆ ಪರೀಕ್ಷೆ ಮಾಡಿದೆ. ಕಪ್ಪಿನ ವಿಷಯದಲ್ಲಿ ನೀವು ಹೇಳಿದ್ದು ನಿಜ. ಗುಲಾಬಿ ವಿಷಯದಲ್ಲಿ ಒಪ್ಪುವುದಿಲ್ಲ.

ಬೂದು ಪ್ಲೇಟ್:

ಗುಲಾಬಿ ನಿಮಗೆ ಕಡಿಮೆ ಇರಬೇಕು, ಅದಕ್ಕೇ ಸಿಗುತ್ತಿದೆ. ಒಂದು ಕಡೆ ಮಾತ್ರ ನಿಮ್ಮ ಪಕ್ಷ ನಾನು. ಒಂದೇ ಅಳತೆಯ ಬ್ರಿಕ್ ಸಿಕ್ಕಾಪಟ್ಟೆ ಇದ್ದರೆ, ಉದಾಹರಣೆಗೆ 2×4, ಆಗ ಅದರೊಳಗೆ ಬಣ್ಣ ಬೇರೆ ಮಾಡಬಹುದು. ಮೊದಲು ಆಕಾರ, ಆಮೇಲೆ ಬಣ್ಣ. ಗೋಡೆ ಚಿತ್ರದಂಥದ್ದು ಮಾಡುವವರಿಗೂ ಬಣ್ಣವೇ ಸರಿ.

ಕ್ರೇನ್ ರಾಯ:

ಸಾಗಿಸುವುದರ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಪ್ರದರ್ಶನಗಳಿಗೆ ಮಾಡೆಲ್ ಹೊತ್ತುಕೊಂಡು ಹೋಗುತ್ತಿರುತ್ತೇನೆ.

ಫೈರ್ ಸ್ಟೇಷನ್ ಸುಲಭ. ಮೊದಲು ನಾಲ್ಕು ಕಡೆಯಿಂದ ಫೋಟೋ ತೆಗೆಯಿರಿ. ಬಾವುಟ, ಏಣಿ, ಗೊಂಬೆ, ಹೊರಗೆ ಚಾಚಿಕೊಂಡಿರುವುದು ಏನಿದ್ದರೂ ಬಿಚ್ಚಿ ಒಂದು ಕವರ್‌ಗೆ ಹಾಕಿ. ಮೇಲಿನ ಮಹಡಿ ಇಡಿಯಾಗಿ ಎದ್ದು ಬರುವ ಹಾಗಿದ್ದರೆ ಬೇರೆ ಮಾಡಿ. ಆಮೇಲೆ ಅಡುಗೆಮನೆಯಲ್ಲಿ ಬಳಸುವ ಕ್ಲಿಂಗ್ ಫಿಲ್ಮ್ ಇರುತ್ತದಲ್ಲ, ಅದನ್ನು ಸುತ್ತಲೂ ಎರಡು ಮೂರು ಸುತ್ತು ಸುತ್ತಿ, ತೀರಾ ಬಿಗಿ ಬೇಡ. ದಾರಿಯಲ್ಲಿ ಪೀಸ್ ಉದುರಿದರೂ ಅದರೊಳಗೇ ಇರುತ್ತದೆ, ಎಲ್ಲಿಯದು ಅಂತಲೂ ಗೊತ್ತಾಗುತ್ತದೆ. ಗುಳ್ಳೆ ಪ್ಲಾಸ್ಟಿಕ್ ಸುತ್ತುವುದಾದರೆ ಇದರ ಮೇಲೆ ಸುತ್ತಿ. ನೇರವಾಗಿ ಸುತ್ತಿದರೆ ಬಿಚ್ಚುವಾಗ ಸಣ್ಣ ಪೀಸ್‌ಗಳನ್ನು ಎಳೆದುಕೊಂಡು ಬರುತ್ತದೆ.

ಎತ್ತುವಾಗ ಗೋಡೆ ಹಿಡಿಯಬೇಡಿ. ಬುಡದ ತೆಳು ಬೇಸ್‌ಪ್ಲೇಟ್ ಬಾಗುತ್ತದೆ, ಬಾಗಿದ ತಕ್ಷಣ ಮೇಲಿನವು ಟಪಟಪ ಅಂತ ಬಿಡುತ್ತವೆ. ಅಡಿಗೆ ಗಟ್ಟಿ ರಟ್ಟೋ ಹಲಗೆಯೋ ಜಾರಿಸಿ, ಅದರ ಸಮೇತ ಡಬ್ಬಕ್ಕೆ ಇಳಿಸಿ. ಸುತ್ತ ಹಳೆ ಟೀ ಶರ್ಟ್, ಟವೆಲ್ ತುರುಕಿ. ಹೇಗೂ ಮನೆ ಸಾಮಾನಿನಲ್ಲಿ ಅವೂ ಹೋಗಲೇಬೇಕು.

ಕ್ರೇನ್ ಇಡಿಯಾಗಿ ಹೋಗುವುದಿಲ್ಲ, ಮಗಳಿಗೆ ಮೊದಲೇ ಹೇಳಿಬಿಡಿ. ಕೈ ಬೇರೆ, ಕಂಬ ಬೇರೆ, ಬುಡ ಬೇರೆ. ಮೂರು ತುಂಡು ಮಾಡಿದರೆ ಬಿಚ್ಚಿದ ಹಾಗೆ ಲೆಕ್ಕವಿಲ್ಲ ಅಂತ ಒಪ್ಪಿಸಿ. ದಾರ ಸಡಿಲ ಮಾಡಿ ಕೊಕ್ಕೆಯನ್ನು ಟೇಪ್‌ನಿಂದ ಕೈಗೇ ಅಂಟಿಸಿ, ಇಲ್ಲದಿದ್ದರೆ ಸಿಕ್ಕಾಗುತ್ತದೆ. ಬ್ಯಾಟರಿ ಇದ್ದರೆ ತೆಗೆಯಿರಿ. ಕಂಬವನ್ನು ಮಲಗಿಸಿ ಸಾಗಿಸಿ. ಇವೆರಡೂ ಲಾರಿಗೆ ಬೇಡ, ನಿಮ್ಮ ಜೊತೆ ಕಾರಿನಲ್ಲೇ ಇರಲಿ, ಸೀಟಿನ ಕೆಳಗಿನ ನೆಲದಲ್ಲಿ. ಆದರೆ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟು ಹೋಗಬೇಡಿ.

ಬಿಡಿ ಪೀಸ್‌ಗಳು: 2×4 ಬ್ರಿಕ್ ಒಂದು ಎರಡು ಗ್ರಾಂಗಿಂತ ಸ್ವಲ್ಪ ಜಾಸ್ತಿ ತೂಗುತ್ತದೆ, ಅಷ್ಟೇ. ಕೈಯಲ್ಲಿ ಹಿಡಿದರೆ ಏನೂ ಅಲ್ಲ. ಅಂಥವು ಹತ್ತು ಸಾವಿರ ಸೇರಿದರೆ ಇಪ್ಪತ್ತು ಕಿಲೋ ದಾಟಿತು. ಹಾಗಾಗಿ ಒಂದು ದೊಡ್ಡ ಡಬ್ಬಕ್ಕಿಂತ ನಾಲ್ಕು ಸಣ್ಣ ಡಬ್ಬ ಮೇಲು. ಜಿಪ್ ಕವರ್‌ಗೆ ಸೂಜಿಯಲ್ಲಿ ಎರಡು ತೂತು ಮಾಡಿ. ಗಾಳಿ ಹೋಗಿ ಕವರ್ ಚಪ್ಪಟೆಯಾಗುತ್ತದೆ, ಒಂದರ ಮೇಲೊಂದು ಪೇರಿಸಬಹುದು. ಕವರ್ ಬಾಯಿಗೆ ರಬ್ಬರ್ ಬ್ಯಾಂಡ್ ಹಾಕಬೇಡಿ, ತಿಂಗಳಾನುಗಟ್ಟಲೆ ಇದ್ದರೆ ಅಂಟಂಟಾಗಿ ಪೀಸ್‌ಗೆ ಮೆತ್ತುತ್ತದೆ.

ಅಂಬೆಗಾಲು:

ಮಗುವಿನ ವಿಷಯ ಬಿಟ್ಟುಹೋಯಿತು. ಸಾಮಾನ್ಯ ಲೆಗೋ ಮೂರು ವರ್ಷದೊಳಗಿನ ಮಕ್ಕಳಿಗಲ್ಲ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಮಗು ಬಂದಾಗ ಎತ್ತಿಟ್ಟರಾಯಿತು ಅನ್ನುವುದು ನಡೆಯುವುದಿಲ್ಲ ಅಕ್ಕಾ, ಸೋಫಾ ಕೆಳಗೆ ಒಂದಾದರೂ ಇದ್ದೇ ಇರುತ್ತದೆ. ಮಕ್ಕಳು ಒಂದೇ ಜಾಗದಲ್ಲಿ ಆಡುವ ಹಾಗೆ ಮಾಡಿ. ಹಳೆ ಬೆಡ್‌ಶೀಟ್ ಹಾಸಿ ಅದರ ಮೇಲೆ ಮಾತ್ರ ಸುರಿಯಬೇಕು. ಮುಗಿದ ಮೇಲೆ ನಾಲ್ಕು ಮೂಲೆ ಹಿಡಿದೆತ್ತಿದರೆ ನೆಲ ಖಾಲಿ. ಟಬ್ ಮಗುಚುವ ಮಗಳಿಗೂ ಇದೇ ಮದ್ದು.

ಡುಪ್ಲೋ, ಅಂದರೆ ಲೆಗೋದವರೇ ಪುಟ್ಟ ಮಕ್ಕಳಿಗಾಗಿ ಮಾಡುವ ದೊಡ್ಡ ಬ್ರಿಕ್, ತಂದರೆ ಮಗುವಿಗೂ ಒಂದು ಕೆಲಸವಾಗುತ್ತದೆ. ಸಾಮಾನ್ಯ ಲೆಗೋಗಿಂತ ಉದ್ದ, ಅಗಲ, ಎತ್ತರ ಮೂರೂ ಎರಡರಷ್ಟು. ಅದು ಕೆಳಗಿನ ಶೆಲ್ಫ್‌ನಲ್ಲಿರಲಿ, ಸಣ್ಣದು ಕೈಗೆಟುಕದ ಎತ್ತರದಲ್ಲಿ. ಡುಪ್ಲೋ ಮೇಲೆ ಸಣ್ಣ ಲೆಗೋ ಕೂಡ ಕೂರುತ್ತದೆ, ದೊಡ್ಡ ಮಕ್ಕಳು ಕೂರಿಸುತ್ತಾರೆ ಕೂಡ. ಎತ್ತಿಡುವಾಗ ಅದನ್ನು ನೋಡಿಕೊಳ್ಳಿ.

ಎರಡು ಮಕ್ಕಳ ಅಮ್ಮ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬುಟ್ಟಿ ಜರಡಿ ಶುರುವಾಗಿದೆ. ಮಗ ಅದನ್ನೇ ಆಟ ಮಾಡಿಕೊಂಡಿದ್ದಾನೆ, ಅಲ್ಲಾಡಿಸಲು ಬೇರೆಯವರಿಗೆ ಬಿಡುವುದಿಲ್ಲ. ಮೂರು ತುಂಡಿನ ಕ್ರೇನ್‌ಗೆ ಮಗಳು ಒಪ್ಪಿದಳು, ಜೋಡಿಸುವುದು ತಾನೇ ಅನ್ನುವ ಷರತ್ತಿನ ಮೇಲೆ. ಬೂದು ಪ್ಲೇಟ್ ಅವರೇ, ಒಂದು ಅನುಮಾನ. ಕೆಲವು ಬ್ರಿಕ್ ಸಡಿಲ, ಕೂತ ಹಾಗೆ ಕಾಣುತ್ತದೆ, ಎತ್ತಿದರೆ ಬೀಳುತ್ತದೆ. ಹಳೆಯದಾಗಿ ಸವೆದಿದೆಯಾ?

ಬೂದು ಪ್ಲೇಟ್:

ಮೊದಲು ಮೇಲಿನ ಉಬ್ಬು ನೋಡಿ. ಲೆಗೋದ್ದಾದರೆ ಒಂದೊಂದು ಉಬ್ಬಿನ ಮೇಲೂ ಪುಟ್ಟದಾಗಿ ಹೆಸರು ಅಚ್ಚಾಗಿರುತ್ತದೆ, ಬೆಳಕಿಗೆ ಓರೆ ಹಿಡಿದರೆ ಕಾಣುತ್ತದೆ. ಇಲ್ಲದಿದ್ದರೆ ಬೇರೆ ಕಂಪನಿಯದ್ದು. ಹಳೆ ಪೇಟೆಂಟ್ ಮುಗಿದು ಎಷ್ಟೋ ಕಾಲವಾಯಿತು, ಅದೇ ಅಳತೆಯಲ್ಲಿ ಬೇರೆಯವರೂ ಮಾಡುತ್ತಾರೆ. ಕೆಲವರದ್ದು ಚೆನ್ನಾಗಿ ಕೂರುತ್ತದೆ, ಕೆಲವರದ್ದು ಇಲ್ಲ. ಎಸೆಯಬೇಡಿ. ಸಡಿಲವಾದ ಬ್ರಿಕ್‌ಗಳನ್ನೆಲ್ಲಾ ಏಳನೇ ಡಬ್ಬಕ್ಕೆ ಹಾಕಿ, ಗುಡ್ಡ ಕಟ್ಟುವಾಗ ಒಳಗೆ ತುಂಬಲು ಬರುತ್ತವೆ. ಹೆಸರು ಇದ್ದೂ ಸಡಿಲ ಅನಿಸಿದರೆ ಪಕ್ಕದ ಗೋಡೆ ಸೀಳಿದೆಯಾ ನೋಡಿ. ಸೀಳಿದ್ದನ್ನು ತೆಗೆದು ಬಿಸಾಡಿ, ಅದು ಯಾವ ಡಬ್ಬಕ್ಕೂ ಬೇಡ.