ಉಬುಂಟುವಿನಲ್ಲಿ ಆಟೋರಿಮೂವ್‌ಗೆ ವೈ ಒತ್ತಲಾ, ಬೇಡ್ವಾ?

ಪ್ರಶ್ನೆ (ಡಿಗ್ರಿ ವಿದ್ಯಾರ್ಥಿ, ವಿಜಯನಗರ):
ಮೇಡಂ, ಎಸ್‌ಪಿ ರೋಡಿನಲ್ಲಿ ತಗೊಂಡ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್, ವಿಂಡೋಸ್ ಬದಲು ಉಬುಂಟು ಲಿನಕ್ಸ್ ಇದೆ. ಡಿಸ್ಕ್ ಚಿಕ್ಕದು, ತುಂಬಿ ಹೋಗಿದೆ. ಕಾಲೇಜ್ ಫೆಸ್ಟ್ ವಿಡಿಯೋ ಎಡಿಟ್ ಮಾಡೋಕೆ ಕೆಡೆನ್‌ಲೈವ್ ಹಾಕಿದ್ದೆ. ಈಗ ಬೇಡ ಅಂತ ಆಪ್ಟ್ ರಿಮೂವ್ ಕೊಟ್ಟೆ. ಜಾಗ ಏನೂ ಜಾಸ್ತಿ ಸಿಗಲಿಲ್ಲ. ಬದಲಿಗೆ, ಇವೆಲ್ಲ ತಾವಾಗಿ ಬಂದವು, ಈಗ ಬೇಕಿಲ್ಲ, ಆಟೋರಿಮೂವ್ ಬಳಸಿ ಅಂತ ಪರದೆ ತುಂಬ ಹೆಸರು ಬಂತು. ಅದರಲ್ಲಿ ಲಿನಕ್ಸ್ ಇಮೇಜ್ ಅಂತಲೂ ಒಂದಿದೆ! ರೂಮ್‌ಮೇಟ್ "ಮುಟ್ಟಬೇಡ ಮಾರಾಯ, ಆಮೇಲೆ ಸಿಸ್ಟಂ ಆನ್ ಆಗೋದೇ ಇಲ್ಲ" ಅಂತಾನೆ. ವೈ ಒತ್ತಲಾ, ಬೇಡ್ವಾ?

ಉತ್ತರ (ಸಿಸ್ಟಂ ಅಡ್ಮಿನ್, ಎಲೆಕ್ಟ್ರಾನಿಕ್ ಸಿಟಿ):
ಒತ್ತಬಹುದು, ಆದರೆ ಪಟ್ಟಿ ಓದಿ ಆಮೇಲೆ ಒತ್ತಿ.

ಆಪ್ಟ್ ಅಂದರೆ ಉಬುಂಟುವಿನಲ್ಲಿ ಪ್ಯಾಕೇಜ್‌ಗಳನ್ನು (ಸಾಫ್ಟ್‌ವೇರ್ ಕಟ್ಟುಗಳನ್ನು) ಹಾಕುವ, ತೆಗೆಯುವ ಕಮಾಂಡ್. ಅದು ಒಂದು ಲೆಕ್ಕ ಇಟ್ಟುಕೊಂಡಿರುತ್ತದೆ. ನೀವು ಹೆಸರು ಹೇಳಿ ಹಾಕಿದ್ದು 'ಮ್ಯಾನ್ಯುಯಲ್', ಅದರ ಹಿಂದೆ ತಾನಾಗಿ ಬಂದದ್ದು 'ಆಟೋ'. ಮದುವೆ ಮನೆಗೆ ಕರೆದವರು ಯಾರು, ಅವರ ಜೊತೆ ಬಂದವರು ಯಾರು ಅಂತ ಬರೆದಿಟ್ಟ ಹಾಗೆ. ಕೆಡೆನ್‌ಲೈವ್ ಹೋಯಿತು, ಅದಕ್ಕಾಗಿ ಬಂದಿದ್ದ ಕೆಡಿಇ ಲೈಬ್ರರಿಗಳು (ಪ್ರೋಗ್ರಾಂಗಳು ಬಳಸಿಕೊಳ್ಳುವ ಸಿದ್ಧ ಕೋಡ್) ಇನ್ನೂ ಇವೆ. ಜಾಗ ತಿಂದಿರೋದು ಅವೇ. ಇನ್ಯಾವ ಪ್ಯಾಕೇಜಿಗೂ ಅವು ಬೇಡ ಅಂತ ನೋಡಿದ ಮೇಲೆಯೇ ಆಪ್ಟ್ ಪಟ್ಟಿಗೆ ಸೇರಿಸುತ್ತದೆ. ಬೇರೆ ಪ್ಯಾಕೇಜ್ 'ಇದಿದ್ದರೆ ಒಳ್ಳೆಯದು' ಅಂತ ಸುಮ್ನೆ ಸೂಚಿಸಿದ್ದರೂ ಸಾಕು, ಮಾಮೂಲಿ ಸೆಟ್ಟಿಂಗಿನಲ್ಲಿ ಅದನ್ನು ಮುಟ್ಟುವುದಿಲ್ಲ.

ಲಿನಕ್ಸ್ ಇಮೇಜ್ ನೋಡಿ ಹೆದರಬೇಡಿ. ಅದು ಹಳೆ ಕರ್ನಲ್, ಅಂದರೆ ಸಿಸ್ಟಂನ ತಿರುಳಿನ ಹಳೆ ಆವೃತ್ತಿ. ಈಗ ಓಡುತ್ತಿರುವುದನ್ನೂ ಎಲ್ಲಕ್ಕಿಂತ ಹೊಸದನ್ನೂ ಆಪ್ಟ್ ಉಳಿಸಿಕೊಳ್ಳುತ್ತದೆ. ನಂಬಿಕೆ ಬರದಿದ್ದರೆ ಯುನೇಮ್ ಡ್ಯಾಶ್ ಆರ್ (uname -r) ಕೊಟ್ಟು, ಈಗ ಓಡುತ್ತಿರುವ ಕರ್ನಲ್ ನಂಬರನ್ನು ಪಟ್ಟಿಯ ನಂಬರಿನ ಜೊತೆ ಹೋಲಿಸಿ ನೋಡಿ.

ಆಪ್ಟ್‌ಗೆ ಗೊತ್ತಿಲ್ಲದ್ದು ಒಂದೇ, ನೀವು ಏನು ಬಳಸುತ್ತೀರಿ ಅನ್ನೋದು. ಯಾವ ಪ್ಯಾಕೇಜಿಗೆ ಯಾವುದು ಬೇಕು ಅಂತ ಅದಕ್ಕೆ ಗೊತ್ತು, ನಿಮಗೆ ಯಾವುದು ಬೇಕು ಅಂತ ಗೊತ್ತಿಲ್ಲ. ಪಟ್ಟಿಯಲ್ಲಿ ಎಫ್‌ಎಫ್‌ಎಂಪೆಗ್ (ವಿಡಿಯೋ, ಆಡಿಯೋ ಪರಿವರ್ತಿಸುವ ಉಪಕರಣ) ಇದೆಯಾ ನೋಡಿ. ನೀವು ಅದನ್ನು ಬೇರೆ ಕೆಲಸಕ್ಕೆ ಬಳಸ್ತೀರಾ?

ಪ್ರಶ್ನೆ ಕೇಳಿದವರು:
ಇದೆ ಮೇಡಂ! ಕ್ಲಾಸ್ ರೆಕಾರ್ಡಿಂಗ್ ಚಿಕ್ಕದು ಮಾಡೋಕೆ ಒಂದು ಸ್ಕ್ರಿಪ್ಟ್ ಇದೆ, ಅದರಲ್ಲಿ ಎಫ್‌ಎಫ್‌ಎಂಪೆಗ್ಗೇ ಬಳಸೋದು.

ಉತ್ತರ:
ನೋಡಿದ್ರಾ. ವೈ ಒತ್ತಿದ್ದರೆ ಸ್ಕ್ರಿಪ್ಟ್ ಕೆಡುತ್ತಿತ್ತು, ಕಾರಣ ಹುಡುಕುತ್ತಾ ಕೂರಬೇಕಿತ್ತು. ಮೊದಲು 'ಸುಡೋ ಆಪ್ಟ್-ಮಾರ್ಕ್ ಮ್ಯಾನ್ಯುಯಲ್ ಎಫ್‌ಎಫ್‌ಎಂಪೆಗ್' ಕೊಡಿ. ಇನ್ನು ಅದು ನೀವೇ ಹಾಕಿದ ಲೆಕ್ಕಕ್ಕೆ ಬರುತ್ತದೆ. ಆಮೇಲೆ ಆಟೋರಿಮೂವ್‌ಗೆ ಡ್ಯಾಶ್ ಎಸ್ ಸೇರಿಸಿ ಓಡಿಸಿ, ಏನೂ ಅಳಿಸದೆ ಏನೇನು ಹೋಗುತ್ತದೆ ಅಂತ ಬರೀ ತೋರಿಸುತ್ತದೆ. ಪಟ್ಟಿ ಸರಿ ಇದ್ದರೆ ನಿಜವಾಗಿ ಓಡಿಸಿ.

ರಿಮೂವ್ ಕೊಟ್ಟರೆ ಸಿಸ್ಟಂ ಕಡೆಯ ಕಾನ್ಫಿಗ್ (ಸೆಟ್ಟಿಂಗ್) ಫೈಲ್ ಉಳಿಯುತ್ತದೆ, ಪರ್ಜ್ ಕೊಟ್ಟರೆ ಅದೂ ಹೋಗುತ್ತದೆ. ನಿಮ್ಮ ಹೋಂ ಫೋಲ್ಡರಿನೊಳಗಿನ ಸೆಟ್ಟಿಂಗ್‌ಗೂ ಇವೆರಡಕ್ಕೂ ಸಂಬಂಧವಿಲ್ಲ, ನೀವೇ ಅಳಿಸಬೇಕು. ಸ್ನ್ಯಾಪ್‌ನಲ್ಲಿ (ಆಪ್ಟ್ ಅಲ್ಲದೆ ಉಬುಂಟುವಿನಲ್ಲಿರುವ ಇನ್ನೊಂದು ವ್ಯವಸ್ಥೆ) ಹಾಕಿದ ಆ್ಯಪ್ ಇದ್ದರೆ ಅದಂತೂ ಬೇರೆಯೇ ಖಾತೆ. ತೆಗೆದ ಮೇಲೂ ಅದರ ಡೇಟಾವನ್ನು ಸಾಮಾನ್ಯವಾಗಿ 31 ದಿನ ಎತ್ತಿಟ್ಟಿರುತ್ತದೆ, ಬೇಡ ಅಂದರೆ ತೆಗೆಯುವಾಗಲೇ ಎರಡು ಡ್ಯಾಶ್ ಹಾಕಿ ಪರ್ಜ್ ಅಂತ ಸೇರಿಸಿ.

ಇನ್ನೊಬ್ಬರು (ಟೆಸ್ಟಿಂಗ್ ಕೆಲಸ, ಮಾರತಹಳ್ಳಿ):
ಹಾಗಾದ್ರೆ ಸಿಸ್ಟಂ ಹಾಳಾಗೋ ಕಥೆ ಸುಳ್ಳಾ ಮೇಡಂ? ನಾನು ಪ್ರೋಗ್ರಾಮಿಂಗ್‌ಗೆ ಹೊಸ ಪೈಥಾನ್ ಹಾಕಿಕೊಂಡು ಹಳೇದು ತೆಗೆಯೋಣ ಅಂತಿದ್ದೆ.

ಉತ್ತರ:
ದಯವಿಟ್ಟು ಬೇಡ! ಅದೇ ನಿಜವಾದ ಅಪಾಯ. ಒಂದನ್ನು ತೆಗೆದರೆ ಅದು ತಂದಿದ್ದು ಉಳಿಯುತ್ತದೆ, ಅದರ ಮೇಲೆ ನಿಂತಿದ್ದು ಉಳಿಯುವುದಿಲ್ಲ. ಉಬುಂಟುವಿನ ಎಷ್ಟೋ ಉಪಕರಣಗಳು ಪೈಥಾನ್ 3ರ ಮೇಲೆ ನಿಂತಿವೆ, ತೆಗೆದರೆ ಡೆಸ್ಕ್‌ಟಾಪೂ ಜೊತೆಗೆ ಹೊರಡುತ್ತದೆ. ಹಳೇದನ್ನು ಹಾಗೇ ಬಿಡಿ, ನಿಮ್ಮ ಪ್ರಾಜೆಕ್ಟಿಗೆ ಹೊಸ ಪೈಥಾನ್‌ನಿಂದ ಬೇರೆ ವರ್ಚುಯಲ್ ಎನ್ವಿರಾನ್‌ಮೆಂಟ್ (ಸಿಸ್ಟಂ ಪೈಥಾನನ್ನು ಮುಟ್ಟದ ಪ್ರತ್ಯೇಕ ಜಾಗ) ಮಾಡಿಕೊಳ್ಳಿ.

ತೆಗೆಯುವಾಗ ಮಾತ್ರ ಅಲ್ಲ, ಹಾಕುವಾಗಲೂ ಹೀಗಾಗುತ್ತದೆ. 2021ರಲ್ಲಿ ಯೂಟ್ಯೂಬಿನ ಲೈನಸ್ ಸೆಬಾಸ್ಟಿಯನ್ ಪಾಪ್ ಓಎಸ್‌ನಲ್ಲಿ (ಉಬುಂಟು ಆಧಾರಿತ ಲಿನಕ್ಸ್) ಗೇಮ್‌ಗಳ ಸ್ಟೀಮ್ ಹಾಕಲು ಹೋಗಿ ಡೆಸ್ಕ್‌ಟಾಪನ್ನೇ ಕಳೆದುಕೊಂಡರು. ಪ್ಯಾಕೇಜಿನಲ್ಲೇ ದೋಷ ಇತ್ತು, ಒಪ್ಪುತ್ತೇನೆ. ಆದರೂ ಆಪ್ಟ್ ಎಚ್ಚರಿಸಿ, ವೈ ಸಾಲದು, ಒಂದಿಡೀ ವಾಕ್ಯ ಟೈಪ್ ಮಾಡು ಅಂದಿತ್ತು. ಅವರು ಮಾಡಿದರು! 'ರಿಮೂವ್ಡ್' (ಹೊಸ ಆಪ್ಟ್‌ನಲ್ಲಿ 'ರಿಮೂವಿಂಗ್') ಅಂತ ಬರುವ ಸಾಲಿನ ಕೆಳಗಿನ ಹೆಸರುಗಳನ್ನು ಓದದೆ ಮುಂದೆ ಹೋಗಬೇಡಿ, ಅಷ್ಟೇ. ತೆಗೆದಾಗಿದ್ದರೆ ಲಾಗ್ ಫೋಲ್ಡರಿನ ಆಪ್ಟ್ ಹಿಸ್ಟರಿ ಫೈಲಿನಲ್ಲಿ ಎಲ್ಲ ಹೆಸರೂ ಇರುತ್ತದೆ, ನೋಡಿಕೊಂಡು ವಾಪಸ್ ಹಾಕಬಹುದು.

ಮತ್ತೊಬ್ಬರು:
ಮ್ಯಾಕ್‌ನಲ್ಲಿ ಆಪ್ಟ್ ಥರ ಬಳಸೋ ಹೋಂಬ್ರೂ ಕಥೆ ಏನು? ಮತ್ತೆ ಸೋರ್ಸ್ ಕೋಡ್‌ನಿಂದ ನಾವೇ ಕಟ್ಟಿ ಮೇಕ್ ಇನ್‌ಸ್ಟಾಲ್ ಮಾಡಿದ್ದು?

ಉತ್ತರ:
ಹೋಂಬ್ರೂನಲ್ಲೂ ಆಟೋರಿಮೂವ್ ಇದೆ, 'ಬ್ರೂ ಲೀವ್ಸ್' ಅಂದರೆ ಇನ್ಯಾವುದಕ್ಕೂ ಆಧಾರವಾಗಿರದವು ಕಾಣುತ್ತವೆ. ಫೆಡೋರಾ ಅನ್ನೋ ಇನ್ನೊಂದು ಲಿನಕ್ಸ್‌ನಲ್ಲಿ ಆಪ್ಟ್ ಬದಲು ಇರುವ ಡಿಎನ್‌ಎಫ್, ರಿಮೂವ್ ಮಾಡುವಾಗಲೇ ಬೇಡದ್ದನ್ನೂ ಸೇರಿಸಿ ಗುಡಿಸುತ್ತದೆ, ಅಲ್ಲಿ ಮೊದಲೇ ಓದಬೇಕು.

ಮೇಕ್ ಇನ್‌ಸ್ಟಾಲ್ ಮಾಡಿದ್ದು ಯಾವ ಲೆಕ್ಕದಲ್ಲೂ ಇಲ್ಲ. ಅದೇ ಸೋರ್ಸ್ ಫೋಲ್ಡರ್ ಇನ್ನೂ ಇದ್ದರೆ ಮೇಕ್ ಅನ್‌ಇನ್‌ಸ್ಟಾಲ್ ಕೊಟ್ಟು ನೋಡಿ, ಬರೆದವರು ಆ ಅನುಕೂಲ ಇಟ್ಟಿದ್ದರೆ ಕೆಲಸ ಮಾಡುತ್ತದೆ. ಇಲ್ಲದಿದ್ದರೆ ಯುಎಸ್‌ಆರ್ ಲೋಕಲ್ (/usr/local) ಫೋಲ್ಡರಿಗೆ ಹೋಗಿ, ಫೈಲ್‌ಗಳನ್ನು ತಾರೀಕಿನ ಪ್ರಕಾರ ಜೋಡಿಸಿ, ಒಂದೊಂದಾಗಿ ಕೈಯಾರೆ ತೆಗೆಯಬೇಕು.