ಪದ ಬೇಕು: ಸಂಸದರ ‘ಔಟ್‌ಸೈಡ್ ಇಂಟರೆಸ್ಟ್ಸ್’

ಗೆಳೆಯರೇ,
ಸಂಸದರ ಕೆಲಸದ ಮೇಲೆ ಕಣ್ಣಿಡುವ ಪುಟವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೂರು ಕಾಲಂ ಇವೆ. ಮೊದಲನೆಯದು ‘ಹಾಜರಾತಿ’, ಅದಕ್ಕೆ ತೊಂದರೆ ಇಲ್ಲ. ‘ವೋಟಿಂಗ್ ರೆಕಾರ್ಡ್’ಗೆ ‘ಮತದಾನದ ದಾಖಲೆ’ ಅಂದರೆ ಚುನಾವಣೆಯಲ್ಲಿ ಅವರಿಗೆ ಬಿದ್ದ ಮತ ಅಂತ ಓದಿಕೊಳ್ಳುತ್ತಾರೆ. ‘ಔಟ್‌ಸೈಡ್ ಇಂಟರೆಸ್ಟ್ಸ್’ಗೆ ‘ಹೊರಗಿನ ಆಸಕ್ತಿಗಳು’ ಅಂದರೆ ಸಂಗೀತ, ಚಾರಣ ಅನ್ನೋ ಹಾಗಿದೆ. ನಾಳೆ ಬೆಳಗ್ಗೆ ಪುಟ ಕೊಡಬೇಕು. ಬೇಗ ಹೇಳಿ.

---

‘ಆಸಕ್ತಿ’ ಬೇಡವೇ ಬೇಡ. ರಾಜ್ಯಸಭೆಯ ಸದಸ್ಯರು ಘೋಷಿಸಬೇಕಾದ ಐದು ಬಾಬತ್ತು ನೋಡಿ: ಸಂಭಾವನೆ ಇರುವ ನಿರ್ದೇಶಕ ಹುದ್ದೆ, ಹಣ ಬರುವ ಕಾಯಂ ಕೆಲಸ, ಕಂಪನಿಯ ಹಿಡಿತ ಸಿಗುವಷ್ಟು ಷೇರು, ಹಣ ಪಡೆದು ಕೊಡುವ ಸಲಹೆ, ವೃತ್ತಿ. ಕನ್ನಡದಲ್ಲಿ ಇದಕ್ಕೆ ‘ಹಂಗು’ ಇದೆಯಲ್ಲ! ಯಾರಿಂದ ಹಣ ಬರುತ್ತದೋ ಅವರ ಹಂಗು ಇದ್ದೇ ಇರುತ್ತದೆ. ‘ಹೊರಹಂಗು’ ಅನ್ನಿ. ‘ಹಾಜರಾತಿ’ಯನ್ನೂ ಬಿಡಿ, ಅದರ ಬೇರು ಅರಬ್ಬಿಯ ‘ಹಾಜಿರ್’. ‘ಬಂದ ದಿನಗಳು’ ಅಂದರೆ ಎಲ್ಲರಿಗೂ ತಿಳಿಯುತ್ತದೆ.

---

‘ಹೊರಹಂಗು’ ನಡೆಯೋದಿಲ್ಲ. ಅದು ಹೆಸರಲ್ಲ, ಆರೋಪ. ಷೇರು ಇದೆ ಅಂದ ಮಾತ್ರಕ್ಕೆ ಒಬ್ಬರು ಹಂಗಿನಲ್ಲಿದ್ದಾರೆ ಅಂತ ತಲೆಬರಹದಲ್ಲೇ ತೀರ್ಮಾನ ಮಾಡುವ ಹಾಗಿಲ್ಲ. ‘ಹಿತಾಸಕ್ತಿ ಸಂಘರ್ಷ’ ಪತ್ರಿಕೆಗಳಲ್ಲಿ ರೂಢಿಯಲ್ಲಿದೆ. ‘ಹೊರಗಿನ ಹಣಕಾಸು ಹಿತಾಸಕ್ತಿ’ ಅಂತ ಹಾಕಿ.

ಎರಡನೆಯದಕ್ಕೆ ‘ಸದನದಲ್ಲಿ ಹಾಕಿದ ಮತ’. ಆದರೆ ಪದಕ್ಕಿಂತ ಮುಖ್ಯವಾದದ್ದು ಬೇರೆ ಇದೆ. ಧ್ವನಿಮತದಲ್ಲಿ ಪಾಸಾದ ಮಸೂದೆಗೆ ಯಾರು ಹೌದು ಅಂದರು, ಯಾರು ಬೇಡ ಅಂದರು ಅನ್ನೋ ದಾಖಲೆಯೇ ಇರೋದಿಲ್ಲ. ಮತವಿಭಜನೆ (ಒಬ್ಬೊಬ್ಬರ ಮತವನ್ನೂ ದಾಖಲಿಸಿ ಎಣಿಸೋದು) ನಡೆದಾಗ ಮಾತ್ರ ಹೆಸರು ಸಿಗುತ್ತವೆ. ಅದನ್ನು ಕಾಲಂ ಕೆಳಗೆ ಬರೆಯದಿದ್ದರೆ ಖಾಲಿ ಜಾಗ ನೋಡಿ ‘ಇವರು ಮತವೇ ಹಾಕಿಲ್ಲ’ ಅಂದುಕೊಳ್ಳುತ್ತಾರೆ. ಮಂತ್ರಿಗಳು ಹಾಜರಿ ಪುಸ್ತಕಕ್ಕೆ ಸಹಿ ಹಾಕೋದಿಲ್ಲ, ಅಲ್ಲೂ ಎಚ್ಚರ ಬೇಕು. ವಿಪ್ (ಹೀಗೇ ಮತ ಹಾಕಿ ಅನ್ನೋ ಪಕ್ಷದ ಆದೇಶ) ಬಂದಿತ್ತಾ ಅನ್ನೋದೂ ಸೇರಿಸಿ. 1985ರ ಪಕ್ಷಾಂತರ ನಿಷೇಧ ಕಾಯ್ದೆ ಬಂದ ಮೇಲೆ ವಿಪ್ ಮೀರಿ ಮತ ಹಾಕಿದವರ ಸ್ಥಾನವೇ ಹೋಗಬಹುದು. ಹಾಗಿರುವಾಗ ಆ ಮತ ಪೂರ್ತಿ ಅವರದೇ ಅಂತ ಹೇಗೆ ಹೇಳೋದು?

ಇನ್ನು ಅರಬ್ಬಿ ಅಂತ ‘ಹಾಜರಾತಿ’ ಬಿಡೋದಾದರೆ ‘ದಾಖಲೆ’, ‘ವಕೀಲ’, ‘ಕಾನೂನು’ ಎಲ್ಲ ಹೋಗಬೇಕು. ನೀವೇ ಬರೆದ ‘ಬಾಬತ್ತು’, ‘ಕಾಯಂ’ ಎಲ್ಲಿಯವು?

---

‘ಬಾಬತ್ತು’ ಬಳಸಿದೆ, ಅದಕ್ಕೇನೀಗ? ಬಂದು ನೆಲೆಸಿದ್ದನ್ನು ಓಡಿಸಿ ಅಂತ ಹೇಳುತ್ತಿಲ್ಲ. ಹೊಸ ತಲೆಬರಹ ಬರೆಯುವಾಗಲಾದರೂ ನಮ್ಮ ಪದ ನೋಡೋಣ ಅಂತಿದ್ದೇನೆ. ಎಲ್ಲದಕ್ಕೂ ರೂಢಿ ಅಂದರೆ ಪದ ಕಟ್ಟೋದು ಯಾವಾಗ? ‘ಹಿತಾಸಕ್ತಿ’ ಒಳಗೂ ಅದೇ ‘ಆಸಕ್ತಿ’ ಕೂತಿದೆ ಅಲ್ವಾ?

---

ಇಬ್ಬರಿಗೂ ಧನ್ಯವಾದ. ‘ಹಾಜರಾತಿ’, ‘ಸದನದಲ್ಲಿ ಹಾಕಿದ ಮತ’, ‘ಹೊರಗಿನ ಹಣಕಾಸು ಹಿತಾಸಕ್ತಿ’ ಅಂತ ಹಾಕುತ್ತಿದ್ದೇನೆ. ಧ್ವನಿಮತದ ಮಾತನ್ನು ಕಾಲಂ ಕೆಳಗೆ ಸೇರಿಸಿದೆ. ಮಂತ್ರಿಗಳ ಸಾಲಿನಲ್ಲಿ ‘ಅನ್ವಯಿಸುವುದಿಲ್ಲ’ ಅಂತ ಬರೆಯಲಾ, ‘ಸಹಿ ಬೇಕಿಲ್ಲ’ ಅಂತಲಾ?